ತೊರೆಯಲ್ಲಿ ಟ್ರೌಟ್ ಮತ್ತು ಬಾಸ್: ಗಾಳ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ದೊಡ್ಡ ಕೆರೆಯಲ್ಲಿ ಮೀನು ಎಲ್ಲಿದೆ ಅಂತ ಹುಡುಕುವುದೇ ಅರ್ಧ ದಿನದ ಕೆಲಸ. ತೊರೆಯಲ್ಲಿ ಆ ತಾಪತ್ರಯ ಕಡಿಮೆ. ಹತ್ತು ಹೆಜ್ಜೆ ಅಗಲದ ನೀರು, ಮೊಣಕಾಲುದ್ದ ಆಳ, ನಾಲ್ಕು ಬಂಡೆ, ಅಲ್ಲೊಂದು ಇಲ್ಲೊಂದು ಮಡು. ಸ್ವಲ್ಪ ಕಣ್ಣು ಪಳಗಿದರೆ ಮೀನು ಎಲ್ಲಿ ನಿಂತಿರಬಹುದು ಅಂತ ದಡದಿಂದಲೇ ಹೇಳಬಹುದು. ಕಷ್ಟ ಇರುವುದು ಬೇರೆ ಕಡೆ. ನಿಮಗೆ ಮೀನು ಕಾಣುವ ಮೊದಲೇ ಮೀನಿಗೆ ನೀವು ಕಂಡಿರುತ್ತೀರಿ.

ಹೊಸಬರು ಮೊದಲು ಕೇಳುವುದು ಯಾವ ರಾಡ್ ಕೊಳ್ಳಲಿ ಅಂತ. ನನ್ನ ಲೆಕ್ಕದಲ್ಲಿ ಅದು ನಾಲ್ಕನೇ ಪ್ರಶ್ನೆ. ನೀರು ಎಷ್ಟು ತಣ್ಣಗಿದೆ, ಹೇಗೆ ಹರಿಯುತ್ತಿದೆ, ಯಾವ ಕಡೆಯಿಂದ ಹತ್ತಿರ ಹೋಗಬೇಕು, ಈ ಮೂರು ಗೊತ್ತಿದ್ದರೆ ಸಾಧಾರಣ ರಾಡ್ ಸಾಕು. ಗೊತ್ತಿಲ್ಲದಿದ್ದರೆ ಎಂಥ ರಾಡ್ ಇದ್ದರೂ ಅಷ್ಟೇ. ಅದಕ್ಕೇ ಇಲ್ಲಿ ಸಾಮಾನಿನ ಮಾತು ನಡುವೆ ಬರುತ್ತದೆ.

ಹೊರಡುವ ಮೊದಲು ಒಂದು ಕೆಲಸ ಮುಗಿಸಿಕೊಳ್ಳಿ. ಆ ನೀರಿಗೆ ಪರವಾನಗಿ ಬೇಕಾ, ಈಗ ಹಿಡಿಯುವ ಕಾಲವಾ, ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು, ಎರೆಹುಳು ಹಾಕಬಹುದಾ ಅಥವಾ ಲ್ಯೂರ್ (ಮೀನನ್ನು ಮರುಳುಮಾಡುವ ನಕಲಿ ಎರೆ) ಮಾತ್ರವಾ, ಇವನ್ನು ವಿಚಾರಿಸಿ. ಒಂದೇ ತೊರೆಯ ಮೇಲಿನ ಭಾಗಕ್ಕೆ ಒಂದು ನಿಯಮ, ಸೇತುವೆ ದಾಟಿದ ಮೇಲೆ ಇನ್ನೊಂದು ನಿಯಮ ಇರುವುದೂ ಉಂಟು. ದಡ ಯಾರ ಜಮೀನು ಅನ್ನುವುದೂ ಗೊತ್ತಿರಲಿ.

ಯಾವ ಮೀನು, ಹೇಗೆ ಗುರುತಿಸುವುದು

ಟ್ರೌಟ್ ತಣ್ಣೀರಿನ ಮೀನು. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇನ್ನೊಂದು ಪುಟ್ಟ, ಮೆತ್ತಗಿನ ರೆಕ್ಕೆ ಇರುತ್ತದೆ. ಅದು ಕಂಡರೆ ಬಾಸ್ ಅಲ್ಲ ಅಂತ ಖಾತ್ರಿ. ರೈನ್‌ಬೋ ಟ್ರೌಟ್‌ಗೆ ಪಕ್ಕೆಯ ಉದ್ದಕ್ಕೂ ಗುಲಾಬಿ ಪಟ್ಟೆ. ಬ್ರೌನ್ ಟ್ರೌಟ್‌ನ ಮೈಮೇಲೆ ಕಪ್ಪು, ಕೆಂಪು ಚುಕ್ಕೆಗಳು, ಎಷ್ಟೋ ಚುಕ್ಕೆಗಳ ಸುತ್ತ ತಿಳಿ ಬಣ್ಣದ ಉಂಗುರ. ಬ್ರೂಕ್ ಟ್ರೌಟ್‌ನ ಬೆನ್ನ ಮೇಲೆ ಹುಳು ಹರಿದಾಡಿದಂಥ ಗೆರೆಗಳು, ಕೆಳಗಿನ ರೆಕ್ಕೆಗಳ ಮುಂದಿನ ಅಂಚು ಬಿಳಿ.

ಬಾಸ್ ಬೆಚ್ಚನೆಯ ನೀರಿನದು. ಅದರ ಬೆನ್ನಿನ ರೆಕ್ಕೆಯ ಮುಂದಿನ ಅರ್ಧ ಮುಳ್ಳು ಮುಳ್ಳಾಗಿರುತ್ತದೆ, ಅಂಗೈ ಇಡುವಾಗ ಜೋಪಾನ. ತೊರೆಯಲ್ಲಿ ಹೆಚ್ಚಾಗಿ ಸಿಗುವುದು ಸ್ಮಾಲ್‌ಮೌತ್ ಬಾಸ್. ಕಂಚಿನ ಬಣ್ಣ, ಮೈಮೇಲೆ ಮೇಲಿಂದ ಕೆಳಕ್ಕೆ ಮಾಸಲು ಪಟ್ಟಿಗಳು, ಮೇಲ್ದವಡೆ ಕಣ್ಣಿನ ಕೆಳಗೇ ಮುಗಿಯುತ್ತದೆ. ಲಾರ್ಜ್‌ಮೌತ್‌ನದು ಹಸಿರು ಮೈ, ಪಕ್ಕೆಯಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟಿ, ಬಾಯಿ ಮುಚ್ಚಿದಾಗ ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಇದಕ್ಕೆ ಜೋರು ಹರಿವು ಇಷ್ಟವಿಲ್ಲ. ನಿಧಾನ ನೀರು, ಜೊಂಡು, ಬಿದ್ದ ಮರ ಇದ್ದಲ್ಲಿ ನೋಡಿ.

ಮೊದಲು ನೀರಿನ ಬಿಸಿ ಅಳೆಯಿರಿ

ಕಿಸೆಯಲ್ಲಿ ಹಿಡಿಸುವ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಹತ್ತು ಲ್ಯೂರ್ ಕೊಳ್ಳುವುದಕ್ಕಿಂತ ಇದರಿಂದ ಉಪಯೋಗ ಜಾಸ್ತಿ. ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಿಟ್ಟು ನೋಡಿ.

10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಟ್ರೌಟ್ ಚೆನ್ನಾಗಿ ತಿನ್ನುತ್ತದೆ. 5 ಡಿಗ್ರಿಗಿಂತ ಕೆಳಗೆ ಹೋದರೆ ಮಂಕಾಗಿ ತಳಕ್ಕೆ ಸೇರುತ್ತದೆ, ಮೂಗಿನ ಮುಂದೆ ಬಂದರೆ ಮಾತ್ರ ಬಾಯಿ ಹಾಕುತ್ತದೆ. 20 ಡಿಗ್ರಿ ದಾಟಿತೋ, ಟ್ರೌಟ್ ಹಿಡಿಯುವುದನ್ನು ನಿಲ್ಲಿಸಿ. ಇದು ಬರೀ ಸೌಜನ್ಯದ ಮಾತಲ್ಲ. 10 ಡಿಗ್ರಿ ನೀರಿನ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 20 ಡಿಗ್ರಿಯಲ್ಲಿ ಅದು 9ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು, ಸಿಗುವುದು ಮಾತ್ರ ಕಡಿಮೆ. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಒದ್ದಾಡಿದ ಟ್ರೌಟ್ ನಿಮ್ಮ ಕೈಯಿಂದ ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು.

ಬಾಸ್‌ನ ಕಥೆ ಹೆಚ್ಚುಕಮ್ಮಿ ಇದಕ್ಕೆ ಉಲ್ಟಾ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಆಳದ ಮಡುವಿನ ತಳದಲ್ಲಿ ಸುಮ್ನೆ ನಿಂತಿರುತ್ತದೆ. 18 ದಾಟಿದ ಮೇಲೆ ಸ್ಮಾಲ್‌ಮೌತ್‌ಗೆ ಹಸಿವು. ಹಾಗಾಗಿ ಎರಡೂ ಇರುವ ತೊರೆಯಲ್ಲಿ ಬೆಳಗ್ಗೆ ತಣ್ಣಗಿರುವಾಗ ಮೇಲಿನ, ನೆರಳಿನ ಭಾಗದಲ್ಲಿ ಟ್ರೌಟ್ ಹಿಡಿದು, ಬಿಸಿಲೇರಿದ ಮೇಲೆ ಕೆಳಗಿನ ಅಗಲ ಮಡುಗಳಿಗೆ ಬಂದು ಬಾಸ್‌ಗೆ ಗಾಳ ಹಾಕುವುದು ಒಳ್ಳೆಯ ಕ್ರಮ.

ಬೇಸಿಗೆಯಲ್ಲಿ ಒಂದೇ ತೊರೆಯಲ್ಲಿ ಎರಡು ಮೂರು ಕಡೆ ಅಳೆಯಿರಿ. ಬುಗ್ಗೆಯ ನೀರು ಬಂದು ಸೇರುವಲ್ಲಿ, ಚಿಕ್ಕ ಝರಿ ಕೂಡುವಲ್ಲಿ ನೀರು ಎರಡು ಮೂರು ಡಿಗ್ರಿ ತಣ್ಣಗಿರಬಹುದು. ಸುತ್ತಲಿನ ಟ್ರೌಟ್ ಎಲ್ಲ ಅಲ್ಲೇ ಗುಂಪು ಸೇರಿರುತ್ತವೆ. ಆದರೆ ಉಳಿದ ತೊರೆ 20 ದಾಟಿದ್ದರೆ ಆ ಗುಂಪು ಜೀವ ಉಳಿಸಿಕೊಳ್ಳಲು ಬಂದದ್ದು. ಅದರ ಮೇಲೆ ಗಾಳ ಹಾಕಬೇಡಿ.

ನೀರು ಹೇಗೆ ಓಡುತ್ತಿದೆ ನೋಡಿ

ಇದೇ ಈ ವಿದ್ಯೆಯ ಹೂರಣ, ನಿಧಾನವಾಗಿ ನೋಡೋಣ.

ಹರಿಯುವ ನೀರಿನಲ್ಲಿ ಮೀನಿಗೆ ಮೂರು ಬೇಕು: ಸೆಳವು ತಗುಲದ ಜಾಗ, ಹತ್ತಿರದಲ್ಲೇ ಆಹಾರ, ಹೆದರಿದರೆ ನುಗ್ಗಲು ಒಂದು ಮರೆ. ಸೆಳವಿನ ನಡುವೆ ಈಜುತ್ತಾ ನಿಂತರೆ ತಿಂದದ್ದಕ್ಕಿಂತ ಖರ್ಚಾದದ್ದೇ ಹೆಚ್ಚಾಗುತ್ತದೆ. ಅದಕ್ಕೇ ಅದು ಜೋರು ನೀರಿನ ಅಂಚಿನಲ್ಲಿ, ನಿಧಾನ ನೀರಿನೊಳಗೆ ನಿಲ್ಲುತ್ತದೆ. ಕಟ್ಟೆ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು ನೋಡುವವರ ಹಾಗೆ. ಬೇಕಾದದ್ದು ತೇಲಿ ಬಂದರೆ ಒಂದು ಮಾರು ಮುಂದೆ ಹೋಗಿ ಕಚ್ಚಿಕೊಂಡು ವಾಪಸ್ ಬರುತ್ತದೆ.

ತೊರೆಯನ್ನು ದಿಟ್ಟಿಸಿದರೆ ಒಂದು ವರಸೆ ಕಾಣುತ್ತದೆ. ಕಲ್ಲುಗಳ ಮೇಲೆ ಗುಳುಗುಳು ಸದ್ದು ಮಾಡುತ್ತಾ ಓಡುವ ತೆಳುನೀರು. ಅದು ಆಳವಾಗುತ್ತಾ ಒಂದೇ ಸಮನೆ ಸಾಗುವ ಓಟ. ಆಮೇಲೆ ಮಡು. ಮಡುವಿನ ಕೊನೆಯಲ್ಲಿ ಮತ್ತೆ ತಳ ಮೇಲೆದ್ದು ಇನ್ನೊಂದು ತೆಳುನೀರು. ತೆಳುನೀರು ಹುಳುಗಳ ಮನೆ, ಅಲ್ಲಿ ಆಮ್ಲಜನಕವೂ ಜಾಸ್ತಿ. ಅದು ಮಡುವಿಗೆ ಬೀಳುವ ಜಾಗ, ಅಂದರೆ ಮಡುವಿನ ತಲೆ, ತಿನ್ನುವ ಟ್ರೌಟ್‌ಗೆ ಮೊದಲ ಆಯ್ಕೆ. ಮಡುವಿನ ನಡುಭಾಗ ಮಲಗುವ ಕೋಣೆ ಇದ್ದಂತೆ ಅಂತ ಅನೇಕರು ನಡುವಿಗೇ ಎಸೆಯುತ್ತಾರೆ. ದೊಡ್ಡ ಮೀನು ಅಲ್ಲಿರುವುದು ನಿಜ, ಆದರೆ ಹಸಿದಿರುವ ಮೀನು ತಲೆಯಲ್ಲಿ ಅಥವಾ ಕೊನೆಯಲ್ಲಿ ಇರುತ್ತದೆ. ಮುಂಜಾನೆ, ಮುಸ್ಸಂಜೆ ಹೊತ್ತಿನಲ್ಲಿ ಮಡುವಿನ ಕೊನೆಯ ತೆಳುವಾದ ಭಾಗಕ್ಕೆ ದೊಡ್ಡ ಮೀನೂ ಬರುತ್ತದೆ. ಅದನ್ನು ತುಳಿದುಕೊಂಡು ಮಡುವಿಗೆ ಹೋಗುವವರೇ ಜಾಸ್ತಿ.

ನೊರೆಯನ್ನು ಗಮನಿಸಿ. ಜೋರು ನೀರು, ನಿಧಾನ ನೀರು ಉಜ್ಜಿಕೊಂಡು ಹೋಗುವ ಗೆರೆಯಲ್ಲಿ ನೊರೆ, ಒಣಗಿದ ಎಲೆ ತೇಲುತ್ತಿರುತ್ತವೆ. ಎಲೆ ಹೋಗುವ ದಾರಿಯಲ್ಲೇ ಹುಳುವೂ ಹೋಗುತ್ತದೆ. ಆ ಗೆರೆಯ ನಿಧಾನ ಪಕ್ಕಕ್ಕೆ ನಿಮ್ಮ ಗಾಳ ಬರಬೇಕು.

ಬಂಡೆ ಕಂಡರೆ ಎಲ್ಲರೂ ಅದರ ಹಿಂದಕ್ಕೆ, ಅಂದರೆ ಹರಿವು ಹೋಗುವ ಬದಿಗೆ ಎಸೆಯುತ್ತಾರೆ. ಬಂಡೆಯ ಮುಂದೆಯೂ ನೀರು ತಡೆದು ನಿಧಾನವಾಗುವ ಒಂದು ಪುಟ್ಟ ಜಾಗ ಇರುತ್ತದೆ, ಟ್ರೌಟ್ ಅಲ್ಲೂ ನಿಲ್ಲುತ್ತದೆ. ತೊರೆ ತಿರುಗುವಲ್ಲಿ ಹೊರದಡವನ್ನು ನೀರು ಕೊರೆದು, ಮೇಲೆ ಹುಲ್ಲು, ಕೆಳಗೆ ಪೊಳ್ಳು ಮಾಡಿರುತ್ತದೆ. ಬ್ರೌನ್ ಟ್ರೌಟ್‌ಗೆ ಹಗಲಲ್ಲಿ ಅದಕ್ಕಿಂತ ಒಳ್ಳೆ ಮನೆ ಬೇರೆ ಇಲ್ಲ. ಸ್ಮಾಲ್‌ಮೌತ್‌ಗಾದರೆ ಹರಕು ಬಂಡೆಗಳು, ಬಂಡೆಯ ಚಾಚು, ಮುಳುಗಿದ ಮರದ ದಿಮ್ಮಿ, ಪಕ್ಕದಲ್ಲಿ ಸುಮಾರು ಹರಿವು. ಲಾರ್ಜ್‌ಮೌತ್‌ಗೆ ಹರಿವು ಸತ್ತ ಹಿನ್ನೀರು.

ಇನ್ನೊಂದು ಕೆಲಸ ಮಾಡಿ. ತೆಳುನೀರಿನಿಂದ ಅಂಗೈ ಅಗಲದ ಒಂದು ಕಲ್ಲನ್ನು ಎತ್ತಿ ತಲೆಕೆಳಗು ಮಾಡಿ. ಅಡಿಯಲ್ಲಿ ಚಪ್ಪಟೆ ಮೈಯ, ಮೂರು ಎಳೆ ಬಾಲದ ಹುಳು ಅಡ್ಡಡ್ಡ ಓಡಿದರೆ ಅದು ಮೇಫ್ಲೈ ಮರಿ. ಮರಳಿನ ಕಾಳು ಅಂಟಿಸಿ ಮಾಡಿದ, ಬೆರಳುಗುರಿಗಿಂತ ಚಿಕ್ಕ ಕೊಳವೆ ಕಲ್ಲಿಗೆ ಕಚ್ಚಿಕೊಂಡಿದ್ದರೆ ಅದರೊಳಗೆ ಕ್ಯಾಡಿಸ್ ಹುಳು ಇದೆ. ಎರಡೇ ಬಾಲದ, ದಪ್ಪ ಕಾಲಿನದು ಸ್ಟೋನ್‌ಫ್ಲೈ. ಇದು ಇದ್ದರೆ ನೀರು ತಣ್ಣಗೆ, ಚೊಕ್ಕವಾಗಿ ಇದೆ ಅಂತ ಅರ್ಥ, ಟ್ರೌಟ್ ಇರುವ ಸಂಭವ ಹೆಚ್ಚು. ಕಲ್ಲೆತ್ತಿದ ಕೂಡಲೇ ಮರಳು ಕದಡಿ ಏನೋ ಹಿಂದು ಹಿಂದಕ್ಕೆ ಚಿಮ್ಮಿತಾ? ಕ್ರೇಫಿಶ್. ಸಿಗಡಿಯ ಮೈ, ಏಡಿಯ ಕೊಂಡಿ. ಸ್ಮಾಲ್‌ಮೌತ್‌ನ ಅಚ್ಚುಮೆಚ್ಚಿನ ಊಟ. ಅದರ ಬಣ್ಣ ನೋಡಿಟ್ಟುಕೊಳ್ಳಿ, ಲ್ಯೂರ್ ಆರಿಸುವಾಗ ಬೇಕಾಗುತ್ತದೆ. ಕಲ್ಲನ್ನು ಇದ್ದ ಹಾಗೆ ಮಗುಚಿ ಇಡಿ.

ಸಾಮಾನು

ತೊರೆಗೆ ಹಗುರ ಸಾಮಾನು ಸಾಕು. ಟ್ರೌಟ್‌ಗೆ 5ರಿಂದ 6 ಅಡಿಯ ಹಗುರ ಸ್ಪಿನ್ನಿಂಗ್ ರಾಡ್, 1000 ಸೈಜಿನ ರೀಲ್, ಸುಮಾರು 2 ಕಿಲೋ ತಡೆಯುವ ನೈಲಾನ್ ದಾರ. ಬಾಸ್‌ಗೆ ಆರು, ಆರೂವರೆ ಅಡಿ ರಾಡ್, 2000 ಸೈಜಿನ ರೀಲ್, 3ರಿಂದ 4 ಕಿಲೋ ದಾರ. ಎರಡಕ್ಕೂ ಒಂದೇ ಬೇಕು ಅಂದರೆ ಆರಡಿಯ ಲೈಟ್ ರಾಡ್‌ಗೆ 2.5ರಿಂದ 3 ಕಿಲೋ ದಾರ ಸುತ್ತಿ, ನಡೆಯುತ್ತದೆ. ಮರಗಳು ಬಾಗಿ ಮುಚ್ಚಿಕೊಂಡ ಕಿರಿದಾದ ತೊರೆಯಲ್ಲಿ ಉದ್ದ ರಾಡ್ ಬರೀ ಕೊಂಬೆಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಫ್ಲೋರೋಕಾರ್ಬನ್ ದಾರ ನೀರಲ್ಲಿ ಕಡಿಮೆ ಕಾಣುತ್ತದೆ, ಕಲ್ಲಿಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ಕನ್ನಡಿಯಂಥ ತಿಳಿನೀರಿನಲ್ಲಿ ಕೊನೆಯ ಒಂದು ಮೀಟರ್ ಅದನ್ನು ಕಟ್ಟುವುದು ಒಳ್ಳೆಯದು. ಕಲಿಯುವವರಿಗೆ ನೈಲಾನೇ ಸಲೀಸು.

ಕೊಕ್ಕೆಯ ನಂಬರಿನಲ್ಲಿ ಎಲ್ಲರೂ ಗಲಿಬಿಲಿಗೊಳ್ಳುತ್ತಾರೆ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. 12 ಅಂದರೆ 6ಕ್ಕಿಂತ ಸಣ್ಣದು. ಆದರೆ ಸೊನ್ನೆ ಸೇರಿದ ನಂಬರುಗಳಲ್ಲಿ, ಅಂದರೆ 1/0, 2/0 ಹೀಗೆ, ಏರಿದಷ್ಟೂ ದೊಡ್ಡದು. ಟ್ರೌಟ್‌ಗೆ ಎರೆಹುಳು ಹಾಕಲು 8 ಅಥವಾ 10. ತೊರೆಯ ಬಾಸ್‌ಗೆ 4ರಿಂದ 1/0ವರೆಗೆ.

ಲ್ಯೂರ್ ಡಬ್ಬಿಯಲ್ಲಿ ಇಷ್ಟಿದ್ದರೆ ಸಾಕು: 2ರಿಂದ 4 ಗ್ರಾಂನ ಎರಡು ಮೂರು ಸ್ಪಿನ್ನರ್ (ಎಳೆದಾಗ ಗಿರಗಿರ ತಿರುಗುವ ತಗಡಿನ ಲ್ಯೂರ್), ಚಮಚದಾಕಾರದ ತಗಡಿನ ಒಂದು ಚಿಕ್ಕ ಸ್ಪೂನ್, ಬೆರಳುದ್ದದ ಮೀನಿನಾಕಾರದ ಒಂದು ಪ್ಲಗ್, ಬಾಸ್‌ಗೆ 3ರಿಂದ 5 ಗ್ರಾಂ ಜಿಗ್ ತಲೆಗಳು (ತಲೆಗೆ ಭಾರ ಎರಕ ಹೊಯ್ದ ಕೊಕ್ಕೆಗಳು), ಅವಕ್ಕೆ ಚುಚ್ಚಲು ಕಂದು, ಕಡುಹಸಿರು ಬಣ್ಣದ ಮೆತ್ತಗಿನ ಪ್ಲಾಸ್ಟಿಕ್ ಹುಳುಗಳು. ಮೇಲೆ ತೇಲುವ ಒಂದು ಪಾಪರ್ ಇದ್ದರೆ ಸಂಜೆ ಹೊತ್ತು ಮಜಾ. ಒಂದೇ ಲ್ಯೂರ್ ಇಟ್ಟುಕೋ ಅಂದರೆ ನಾನು ಸ್ಪಿನ್ನರ್ ಇಟ್ಟುಕೊಳ್ಳುತ್ತೇನೆ. ಎರಡೂ ಜಾತಿ ಅದನ್ನು ಕಚ್ಚುತ್ತವೆ. ಮಂಜು, ಕದಡು ನೀರಿಗೆ ಚಿನ್ನದ ಬಣ್ಣ, ತಿಳಿನೀರು ಬಿಸಿಲಿಗೆ ಮಾಸಿದ ಬೆಳ್ಳಿ. ಇದಕ್ಕಿಂತ ಹೆಚ್ಚು ಬಣ್ಣದ ಚರ್ಚೆ ಬೇಡ ಅನ್ನಿಸುತ್ತದೆ ನನಗೆ.

ಫ್ಲೈ, ಅಂದರೆ ಗರಿ, ನೂಲಿನಿಂದ ಕಟ್ಟಿದ ನಕಲಿ ಹುಳು ಹಾಕುವುದು ಬೇರೆಯೇ ವಿದ್ಯೆ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಮೂತಿ ಉದ್ದದ ಇಕ್ಕಳ, ದಾರ ಕತ್ತರಿಸುವ ಕಟರ್, ರಬ್ಬರ್ ಬಲೆಯ ಚಿಕ್ಕ ಹಿಡಿಬಲೆ, ಟೋಪಿ, ಪೋಲರಾಯ್ಡ್ ಕನ್ನಡಕ. ಕನ್ನಡಕ ಶೋಕಿಗಲ್ಲ. ನೀರಿನ ಮೇಲಿನ ಹೊಳಪು ಕಳೆದು ತಳ ಕಾಣುವುದು ಅದರಿಂದಲೇ. ಹಾರಿ ಬರುವ ಕೊಕ್ಕೆಯಿಂದ ಕಣ್ಣನ್ನೂ ಉಳಿಸುತ್ತದೆ.

ಕೊಕ್ಕೆಯ ತುದಿಯ ಒಳಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅದುಮಿ ಮಟ್ಟ ಮಾಡಿ. ದಾರ ಬಿಗಿಯಾಗಿಟ್ಟರೆ ಮೀನು ಜಾರುವುದಿಲ್ಲ, ಬಿಡಿಸುವುದಂತೂ ಒಂದು ತಿರುವಿನ ಕೆಲಸ. ಕೊಕ್ಕೆ ನಿಮ್ಮ ಬೆರಳಿಗೇ ಚುಚ್ಚಿದ ದಿನ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಗಂಟು ಮತ್ತು ಡ್ರ್ಯಾಗ್

ಒಂದೇ ಗಂಟು ಕಲಿಯಿರಿ, ಚೆನ್ನಾಗಿ ಕಲಿಯಿರಿ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ ಒಂದು ಗೇಣು ಎಳೆದುಕೊಳ್ಳಿ. ಆ ತುದಿಯನ್ನು ಮುಖ್ಯ ದಾರದ ಸುತ್ತ ಐದಾರು ಸುತ್ತು ಸುತ್ತಿ. ಈಗ ಕೊಕ್ಕೆಯ ಕಣ್ಣಿನ ಪಕ್ಕದಲ್ಲೇ, ಮೊದಲ ಸುತ್ತಿನ ಕೆಳಗೆ ಒಂದು ಚಿಕ್ಕ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ. ಹಾಗೆ ತೂರಿಸಿದಾಗ ಹೊಸದಾಗಿ ಇನ್ನೊಂದು ದೊಡ್ಡ ಕುಣಿಕೆ ಆಗುತ್ತದಲ್ಲ, ಅದರೊಳಗೂ ತುದಿಯನ್ನು ಹಾಯಿಸಿ. ಬಿಗಿಯುವ ಮೊದಲು ನೀರಿನಿಂದಲೋ ಎಂಜಲಿನಿಂದಲೋ ಒದ್ದೆ ಮಾಡಿ. ಒಣ ದಾರ ಬಿಗಿಯುವಾಗ ತನ್ನದೇ ಬಿಸಿಗೆ ಸೊರಗುತ್ತದೆ. ನಿಧಾನ ಎಳೆಯಿರಿ, ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರಬೇಕು. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಗಂಟಿನ ಮೇಲಿನ ಒಂದು ಮಾರು ದಾರವನ್ನು ಆಗಾಗ ಎರಡು ಬೆರಳ ನಡುವೆ ಸವರಿ ನೋಡಿ. ಒರಟು ಸಿಕ್ಕಿದರೆ ಕಲ್ಲಿಗೆ ಉಜ್ಜಿದೆ ಅಂತಲೇ. ಅಷ್ಟನ್ನು ಕತ್ತರಿಸಿ ತೆಗೆಯಿರಿ. ತುಂಡನ್ನು ಬಿಸಾಕಬೇಡಿ, ಕಿಸೆಗೆ ಹಾಕಿಕೊಳ್ಳಿ. ಬಿಸಾಕಿದ ದಾರ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ರೀಲ್ ದಾರವನ್ನು ಬಿಟ್ಟುಕೊಡುವ ವ್ಯವಸ್ಥೆ. ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸಿ. 2 ಕಿಲೋ ದಾರವಾದರೆ ಅರ್ಧ ಕಿಲೋ ಎಳೆತಕ್ಕೇ ಬಿಡಲು ಶುರುವಾಗಬೇಕು. ಚಿಕ್ಕ ತೂಗುವ ಸ್ಪ್ರಿಂಗ್ ಇದ್ದರೆ ಅದಕ್ಕೆ ಸಿಕ್ಕಿಸಿ ನೋಡಿ.

ಹತ್ತಿರ ಹೋಗುವ ರೀತಿ

ಮೀನು ಹರಿವಿಗೆ ಎದುರು ಮುಖ ಮಾಡಿ ನಿಲ್ಲುತ್ತದೆ. ಅಂದರೆ ಬಾಲ ಹರಿವು ಹೋಗುವ ಕಡೆಗೆ. ಆದ್ದರಿಂದ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ನಡೆಯಿರಿ. ನೀವು ಕದಡಿದ ಮಣ್ಣೂ ಆಗಲೇ ಹಿಡಿದು ಮುಗಿಸಿದ ಜಾಗಕ್ಕೆ ಹೋಗುತ್ತದೆ.

ನೀರೊಳಗಿಂದ ಹೊರಜಗತ್ತು ಮೀನಿಗೆ ನೆತ್ತಿಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕು ನೀರಿಗೆ ಹೊಕ್ಕಾಗ ಬಾಗುವುದೇ ಇದಕ್ಕೆ ಕಾರಣ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. 30 ಸೆಂಟಿಮೀಟರ್ ಆಳದಲ್ಲಿರುವ ಮೀನಿಗೆ ನೀರಿನ ಮೇಲ್ಮೈಯಲ್ಲಿ ಸುಮಾರು 68 ಸೆಂಟಿಮೀಟರ್ ಅಗಲದ ಕಿಟಕಿ. ಅದರ ಅಂಚಿನಲ್ಲಿ ಎಲ್ಲವೂ ಚಪ್ಪಟೆಯಾಗಿ, ಮಸುಕಾಗಿ ಕಾಣುತ್ತದೆ. ನೀರಿನ ಮಟ್ಟದಿಂದ 10 ಡಿಗ್ರಿ ಕೋನದೊಳಗೆ ಇರುವ ವಸ್ತು ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಲೆಕ್ಕ ಹಾಕಿದರೆ, 10 ಮೀಟರ್ ದೂರದಲ್ಲಿ ನೀರಿನ ಮಟ್ಟದಲ್ಲಿ ನಿಂತವರ ತಲೆ ಆ ಗೆರೆಯ ಆಸುಪಾಸಿನಲ್ಲಿರುತ್ತದೆ. 5 ಮೀಟರಿಗೆ ಬಂದರೆ ಕುಕ್ಕರಗಾಲಲ್ಲಿ ಕೂರಬೇಕು. ಎತ್ತರದ ದಡದ ಅಂಚಿನಲ್ಲಿ ನಿಂತರೆ ಮುಗಿಯಿತು.

ಮಾತಾಡಿದರೆ ಪರವಾಗಿಲ್ಲ, ಗಾಳಿಯಲ್ಲಿನ ಸದ್ದು ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ದಡದಲ್ಲಿ ದಪದಪ ನಡೆಯುವುದು, ನೀರೊಳಗೆ ಕಲ್ಲು ಕಲ್ಲಿಗೆ ತಾಗಿಸುವುದು ಮಾತ್ರ ಬೇಡ. ಮೀನಿನ ಪಕ್ಕೆಯ ಉದ್ದಕ್ಕೂ ಇರುವ ಸಂವೇದನೆಯ ಗೆರೆಗೆ ಆ ಅದುರು ಗೊತ್ತಾಗುತ್ತದೆ. ನಿಮ್ಮ ನೆರಳೂ ನೀರಿನ ಮೇಲೆ ಬೀಳದಿರಲಿ.

ಮೊದಲ ಎಸೆತ ಹತ್ತಿರದ ನೀರಿಗೆ. ಆಮೇಲೆ ಸ್ವಲ್ಪ ದೂರ, ಕೊನೆಗೆ ಆಚೆ ದಡ. ನೇರ ಒಳ್ಳೆ ಜಾಗಕ್ಕೇ ಎಸೆದರೆ ನಡುವಿನ ಮೀನುಗಳ ಮೇಲೆ ದಾರ ಬಿದ್ದು, ಅವು ಓಡಿ, ಉಳಿದವಕ್ಕೂ ಸುದ್ದಿ ಮುಟ್ಟುತ್ತದೆ.

ಟ್ರೌಟ್‌ಗೆ ಎಸೆಯುವುದು

ಸ್ಪಿನ್ನರನ್ನು ಹರಿವಿನ ಮೇಲಕ್ಕೆ, ಸ್ವಲ್ಪ ಓರೆಯಾಗಿ ಎಸೆಯಿರಿ. ಮೀನು ಇರಬಹುದು ಅಂದುಕೊಂಡ ಜಾಗಕ್ಕಿಂತ ಒಂದೆರಡು ಮೀಟರ್ ಆಚೆ ಬೀಳಲಿ. ಬಿದ್ದ ಕೂಡಲೇ ಸುತ್ತಲು ಶುರುಮಾಡಿ, ಇಲ್ಲದಿದ್ದರೆ ಕಲ್ಲಿನ ಸಂದಿಗೆ ಹೋಗುತ್ತದೆ. ಹರಿವೇ ಅದನ್ನು ನಿಮ್ಮತ್ತ ತರುತ್ತಿರುತ್ತದೆ. ಹರಿವಿಗಿಂತ ತುಸು ಜಾಸ್ತಿ ವೇಗದಲ್ಲಿ ಸುತ್ತಿದರೆ ಮಾತ್ರ ತಗಡು ತಿರುಗುತ್ತದೆ. ತಿರುಗುತ್ತಿದೆ ಅನ್ನುವುದು ರಾಡಿನ ಹಿಡಿಯಲ್ಲೇ ಸಣ್ಣಗೆ ನಡುಗಿ ತಿಳಿಯುತ್ತದೆ. ಆ ನಡುಕ ಒಮ್ಮೆಗೇ ನಿಂತರೆ ಎರಡು ಕಾರಣ: ಎಲೆ ಸಿಕ್ಕಿದೆ, ಇಲ್ಲವೇ ಮೀನು ಹಿಂದಿನಿಂದ ಬಾಯಿ ಹಾಕಿದೆ. ಎರಡಕ್ಕೂ ರಾಡ್ ಎತ್ತುವುದೇ ಉತ್ತರ.

ಎರೆಹುಳು ಹಾಕುವುದಾದರೆ ಸರಳವಾಗಿ ಹಾಕಿ. ಕೊಕ್ಕೆಯಿಂದ 20ರಿಂದ 30 ಸೆಂಟಿಮೀಟರ್ ಮೇಲೆ ಒಂದು ಚಿಕ್ಕ ಸೀಸದ ಗುಂಡು. ಸೀಸ ನಿಷೇಧ ಇರುವ ಕಡೆ ತವರದ್ದು ಸಿಗುತ್ತದೆ. ಹುಳುವನ್ನು ಒಂದೆರಡು ಕಡೆ ಮಾತ್ರ ಚುಚ್ಚಿ, ತುದಿಗಳು ಆಡುತ್ತಿರಲಿ. ಮಡುವಿನ ತಲೆಯ ಮೇಲಕ್ಕೆ ಹಾಕಿ, ಹರಿವಿನ ಜೊತೆ ಅದೇ ವೇಗದಲ್ಲಿ ತೇಲಿ ಬರಲು ಬಿಡಿ. ಎಳೆಯಬೇಡಿ, ತಡೆಯಬೇಡಿ. ರಾಡಿನ ತುದಿಯಿಂದ ಹಿಂಬಾಲಿಸುತ್ತಾ ಸಡಿಲ ದಾರವನ್ನಷ್ಟೇ ಸುತ್ತಿಕೊಳ್ಳಿ. ಗುಂಡು ಅಲ್ಲಲ್ಲಿ ತಳಕ್ಕೆ ಟಕ್ ಟಕ್ ಅಂತ ತಾಗಬೇಕು. ಒಮ್ಮೆಯೂ ತಾಗದಿದ್ದರೆ ಭಾರ ಸಾಲದು, ಮತ್ತೆ ಮತ್ತೆ ಸಿಕ್ಕಿಕೊಂಡರೆ ಭಾರ ಜಾಸ್ತಿ. ಬೆಂಡು ಕಟ್ಟಿದರೆ ಬೆಂಡು ನೊರೆಗಿಂತ ಜೋರಾಗಿ ಓಡದಂತೆ ನೋಡಿಕೊಳ್ಳಿ. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುತ್ತದೆ.

ಹುಳುವಿನ ಒಂದು ದೋಷ ಹೇಳಲೇಬೇಕು. ಮೀನು ಅದನ್ನು ನುಂಗಿಬಿಡುತ್ತದೆ. ಬಿಟ್ಟುಬಿಡುವ ಉದ್ದೇಶ ಇದ್ದರೆ ಲ್ಯೂರ್ ಮೇಲು.

ಬಾಸ್‌ಗೆ ಎಸೆಯುವುದು

ಸ್ಮಾಲ್‌ಮೌತ್‌ಗೆ ಕಂದು ಪ್ಲಾಸ್ಟಿಕ್ ಚುಚ್ಚಿದ ಜಿಗ್ ಹಾಕಿ, ಕ್ರೇಫಿಶ್ ಆಡುವ ಹಾಗೆ ಆಡಿಸಿ. ಎಸೆದು ತಳ ಮುಟ್ಟುವವರೆಗೆ ಬಿಡಿ. ದಾರ ಸಡಿಲಾದರೆ ಮುಟ್ಟಿತು ಅಂತ. ರಾಡಿನ ತುದಿಯನ್ನು ಒಂದು ಗೇಣು ಎತ್ತಿ, ಮತ್ತೆ ಬೀಳಲು ಬಿಡಿ. ಸುಮ್ನೆ ಮೂರು ನಾಲ್ಕು ಸೆಕೆಂಡು. ಮತ್ತೆ ಒಂದು ಗೇಣು. ಬಹಳ ಸಲ ಕಚ್ಚುವುದು ಬೀಳುವಾಗಲೇ. ಆಗ ಕೈಗೆ ಏನೂ ತಿಳಿಯದು, ದಾರ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಕಣ್ಣು ದಾರದ ಮೇಲೇ ಇರಲಿ.

ನೀರು ಬೆಚ್ಚಗಿದ್ದು ಮುಸ್ಸಂಜೆಯಾದರೆ ಪಾಪರ್ ಕಟ್ಟಿ. ಬಿದ್ದ ಅಲೆಯ ಉಂಗುರ ಕರಗುವವರೆಗೆ ಅಲುಗಾಡಿಸಬೇಡಿ. ಆಮೇಲೆ ಒಮ್ಮೆ ಗುಳುಕ್ ಅನ್ನಿಸಿ ಮತ್ತೆ ನಿಲ್ಲಿಸಿ. ನೀರು ಸಿಡಿದ ಕೂಡಲೇ ಗಾಬರಿಯಿಂದ ಎಳೆದರೆ ಲ್ಯೂರ್ ನಿಮ್ಮ ಮುಖಕ್ಕೇ ಬರುತ್ತದೆ. ಮೀನಿನ ಭಾರ ಕೈಗೆ ತಿಳಿದ ಮೇಲೆ ಎಳೆಯಿರಿ.

ಲಾರ್ಜ್‌ಮೌತ್ ಇರುವ ಜೊಂಡಿನಲ್ಲಿ ಕೊಕ್ಕೆಯ ತುದಿಯನ್ನು ಪ್ಲಾಸ್ಟಿಕ್ ಹುಳುವಿನ ಮೈಯೊಳಗೇ ಮುಚ್ಚಿಡುವ ಟೆಕ್ಸಾಸ್ ರಿಗ್ ಬಳಸಿ, ಕಸ ಸಿಕ್ಕುವುದಿಲ್ಲ.

ಬಾಸ್ ಗೂಡಿನ ಕಾಲದಲ್ಲಿ ಸ್ವಲ್ಪ ತಾಳ್ಮೆ ಬೇಕು. ನೀರು 15ರಿಂದ 18 ಡಿಗ್ರಿಗೆ ಏರುವ ಹೊತ್ತಿಗೆ ಗಂಡು ಸ್ಮಾಲ್‌ಮೌತ್ ತಳದ ಜಲ್ಲಿಯನ್ನು ಬಾಲದಿಂದ ಗುಡಿಸಿ ತಟ್ಟೆಯಾಕಾರದ ಗೂಡು ಮಾಡಿ ಮೊಟ್ಟೆ ಕಾಯುತ್ತದೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚುವುದರಿಂದ ಹಿಡಿಯುವುದು ಸುಲಭ. ಆದರೆ ಅದನ್ನು ಎತ್ತಿದ ಸ್ವಲ್ಪ ಹೊತ್ತಿನಲ್ಲೇ ಚಿಕ್ಕ ಮೀನುಗಳು ಗೂಡಿಗೆ ನುಗ್ಗುತ್ತವೆ. ಅದನ್ನು ಅದರ ಪಾಡಿಗೆ ಬಿಟ್ಟು ಮುಂದೆ ಹೋಗಿ.

ಕಚ್ಚಿದ ಮೇಲೆ

ಟ್ರೌಟ್‌ಗೆ ರಾಡನ್ನು ಮೆಲ್ಲಗೆ ಎತ್ತಿದರೆ ಸಾಕು, ಅದರ ಬಾಯಿ ಮೃದು. ಬಾಸ್‌ನ ಬಾಯಿ ಗಟ್ಟಿ. ಜಿಗ್‌ನಲ್ಲಾದರೆ ಸಡಿಲ ದಾರ ಸುತ್ತಿಕೊಂಡು ಪಕ್ಕಕ್ಕೆ ಜೋರಾಗಿ ಬೀಸಿ ಎಳೆಯಿರಿ.

ರಾಡ್ ಬಾಗಿಯೇ ಇರಬೇಕು. ಮೀನು ದಾರ ಎಳೆದುಕೊಂಡು ಹೋಗುವಾಗ ರೀಲ್ ಸುತ್ತಬೇಡಿ, ದಾರ ತಿರುಚಿಕೊಳ್ಳುತ್ತದೆ ಅಷ್ಟೇ. ಅದು ನಿಂತಾಗ ಸುತ್ತಿ. ಬೇರು, ದಿಮ್ಮಿ ಕಡೆ ನುಗ್ಗಿದರೆ ರಾಡನ್ನು ಮಲಗಿಸಿ ಎದುರು ಪಕ್ಕಕ್ಕೆ ಎಳೆಯಿರಿ, ತಲೆ ತಿರುಗಿದರೆ ಮೈಯೂ ತಿರುಗುತ್ತದೆ. ನೀರಿನಿಂದ ಹಾರಿದಾಗ ರಾಡಿನ ತುದಿಯನ್ನು ಮೀನಿನತ್ತ ತಗ್ಗಿಸಿ, ಬಿಗಿ ದಾರದ ಮೇಲೆ ಬಿದ್ದರೆ ಕೊಕ್ಕೆ ಕಿತ್ತುಬರುತ್ತದೆ. ಆಟ ಆಡಿಸುತ್ತಾ ಹೊತ್ತು ಕಳೆಯಬೇಡಿ. ಹೆಚ್ಚು ದಣಿದ ಮೀನು ಬಿಟ್ಟ ಮೇಲೂ ಉಳಿಯುವುದು ಕಷ್ಟ.

ಮುಟ್ಟುವ ಮೊದಲು ಕೈ ಒದ್ದೆ ಮಾಡಿ. ಮೀನಿನ ಮೈಮೇಲಿನ ಲೋಳೆ ಅದನ್ನು ರೋಗದಿಂದ ಕಾಯುತ್ತದೆ, ಒಣ ಕೈ ಅದನ್ನು ಒರೆಸಿಬಿಡುತ್ತದೆ. ಬಾಸ್‌ನ ಕೆಳತುಟಿಯನ್ನು ಹೆಬ್ಬೆರಳು, ತೋರುಬೆರಳಿನಿಂದ ಹಿಡಿಯಬಹುದು, ಹಲ್ಲು ಮರಳುಕಾಗದದಷ್ಟೇ ಒರಟು. ದೊಡ್ಡದಾದರೆ ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ, ಬರೀ ದವಡೆಯಲ್ಲಿ ಜೋತುಬಿಡಬೇಡಿ. ಟ್ರೌಟ್‌ನ ಬಾಯಿಗೆ ಬೆರಳು ಹಾಕಬೇಡಿ, ಚೂಪು ಹಲ್ಲಿದೆ. ನೀರಿನಲ್ಲೇ ಬಲೆಯೊಳಗೆ ಇಟ್ಟು ಕೊಕ್ಕೆ ಬಿಡಿಸಿ. ಕಿವಿರಿಗೆ ಬೆರಳು ತಾಗದಿರಲಿ. ಫೋಟೋ ಬೇಕಾದರೆ ಕ್ಯಾಮೆರಾ ಸಿದ್ಧವಾದ ಮೇಲೆ ಎತ್ತಿ, ಹತ್ತು ಸೆಕೆಂಡಿನೊಳಗೆ ವಾಪಸ್ ನೀರಿಗೆ.

ಕೊಕ್ಕೆ ಗಂಟಲಿಗಿಳಿದಿದ್ದರೆ ಕೆದಕಬೇಡಿ. ದಾರವನ್ನು ಆದಷ್ಟು ಒಳಗೆ ಕತ್ತರಿಸಿ ಬಿಡಿ. ಕಿತ್ತರೆ ಸಾಯುವ ಸಂಭವ ಹೆಚ್ಚು. ಬಿಡುವಾಗ ನಿಧಾನ ನೀರಿನಲ್ಲಿ, ತಲೆ ಹರಿವಿನ ಎದುರಿಗೆ ಬರುವಂತೆ ಹಿಡಿದುಕೊಳ್ಳಿ. ಕಿವಿರು ಸರಿಯಾಗಿ ಬಡಿದು, ಅದೇ ಕೈಯಿಂದ ಜಾರಿ ಹೋಗಲಿ.

ತಿನ್ನಲು ಇಟ್ಟುಕೊಳ್ಳುವುದಾದರೆ ಹಗ್ಗಕ್ಕೆ ಪೋಣಿಸಿ ಬಿಸಿಲಲ್ಲಿ ಒದ್ದಾಡಿಸಬೇಡಿ. ತಲೆಗೆ ಒಂದೇ ಪೆಟ್ಟು ಕೊಟ್ಟು, ಕಿವಿರು ಕುಯ್ದು ರಕ್ತ ಇಳಿಸಿ, ಕರುಳು ತೆಗೆದು ಮಂಜುಗಡ್ಡೆಯಲ್ಲಿಡಿ.

ಬಿಡುವುದೇ ಯಾವಾಗಲೂ ಸರಿ ಅಂತಲೂ ಇಲ್ಲ. ರೈನ್‌ಬೋ ಟ್ರೌಟ್, ಬ್ರೌನ್ ಟ್ರೌಟ್, ಲಾರ್ಜ್‌ಮೌತ್ ಬಾಸ್ ಮೂರೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಹೊರಗಿನಿಂದ ತಂದು ಬಿಟ್ಟ ಎಷ್ಟೋ ಕಡೆ ಅಲ್ಲಿನ ಮೂಲ ಮೀನುಗಳಿಗೆ ಕುತ್ತು ತಂದಿವೆ. ಹಿಡಿದದ್ದನ್ನು ವಾಪಸ್ ಬಿಡಬಾರದು ಅನ್ನುವ ನಿಯಮವಿರುವ ನೀರುಗಳೂ ಇವೆ. ಒಂದು ತೊರೆಯ ಮೀನನ್ನು ಜೀವಂತ ಒಯ್ದು ಇನ್ನೊಂದಕ್ಕೆ ಬಿಡುವುದಂತೂ ಎಲ್ಲಿಯೂ ಬೇಡ.

ನೀರಿಗೆ ಇಳಿಯುವಾಗ

ದಡದಿಂದಲೇ ಆಗುವುದಾದರೆ ಇಳಿಯಬೇಡಿ. ಇಳಿದರೆ ಮೊಣಕಾಲು ಮೀರದ ನೀರಿನಲ್ಲಿ, ಹರಿವಿಗೆ ಪಕ್ಕೆ ಕೊಟ್ಟು, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದನ್ನು ಸರಿಸಿ. ಕೈಯಲ್ಲೊಂದು ಕೋಲು ಇರಲಿ. ಎದೆಮಟ್ಟದ ವೇಡರ್ (ನೀರಿಗಿಳಿಯಲು ಹಾಕುವ, ನೀರು ನುಗ್ಗದ ಉಡುಪು) ಹಾಕಿದ್ದರೆ ಸೊಂಟದ ಬೆಲ್ಟ್ ಬಿಗಿಯಿರಿ, ಬಿದ್ದರೆ ಒಳಗೆ ನೀರು ತುಂಬುವುದು ನಿಧಾನವಾಗುತ್ತದೆ. ಕೊಚ್ಚಿಕೊಂಡು ಹೋದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ದಡದತ್ತ ಸರಿಯುತ್ತಾ ಹೋಗಿ. ಜೋರು ನೀರಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕಬಹುದು.

ನೀವಿರುವಲ್ಲಿ ಬಿಸಿಲಿದ್ದರೂ ಮೇಲ್ಗಡೆ ಮಳೆಯಾಗಿರಬಹುದು. ನೀರು ಇದ್ದಕ್ಕಿದ್ದಂತೆ ಕದಡಿ, ಕಸಕಡ್ಡಿ ತೇಲಿ ಬಂದರೆ ಆ ಕ್ಷಣವೇ ದಡ ಹತ್ತಿ. ಗುಡುಗು ಕೇಳಿದರೆ ರಾಡ್ ಕೆಳಗಿಡಿ, ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಮಳೆ ನಿಂತು ನೀರು ಇಳಿಯುತ್ತಾ ಚಹಾ ಬಣ್ಣದಿಂದ ತಿಳಿಯಾಗುತ್ತಿರುವ ಹೊತ್ತು ಮಾತ್ರ ಬಿಡಬೇಡಿ. ಎರಡೂ ಜಾತಿ ಧೈರ್ಯವಾಗಿ ತಿನ್ನುವ ಹೊತ್ತು ಅದು.

ಕಾಲಿಡುವಲ್ಲಿ ತಳ ನೋಡಿ. ಸುತ್ತಲಿನ ಪಾಚಿ ಹಿಡಿದ ಜಲ್ಲಿಯ ನಡುವೆ ಗುಡಿಸಿದಂತೆ ಬಿಳಿಚಿದ ಒಂದು ಜಾಗ ಕಂಡರೆ ಅದು ಟ್ರೌಟ್ ಮೊಟ್ಟೆಯಿಟ್ಟ ಗುಳಿ. ಬ್ರೌನ್, ಬ್ರೂಕ್ ಟ್ರೌಟ್ ಇಡುವುದು ಚಳಿಗೆ ಮುಂಚಿನ ತಿಂಗಳುಗಳಲ್ಲಿ, ರೈನ್‌ಬೋ ಸಾಮಾನ್ಯವಾಗಿ ಚಳಿ ಮುಗಿಯುವಾಗ. ಮೊಟ್ಟೆ ಜಲ್ಲಿಯ ಒಳಗೆ ವಾರಗಟ್ಟಲೆ ಇರುತ್ತದೆ. ಸುತ್ತುಹಾಕಿ ಹೋಗಿ.

ಮನೆಗೆ ಬಂದ ಮೇಲೆ ಬೂಟು, ವೇಡರ್, ಹಿಡಿಬಲೆಗೆ ಅಂಟಿದ ಮಣ್ಣು, ಪಾಚಿಯನ್ನೆಲ್ಲ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಒಂದು ತೊರೆಯ ಪಾಚಿ, ಮೀನಿನ ರೋಗ ಇನ್ನೊಂದಕ್ಕೆ ಹೋಗುವುದು ಹೀಗೇ. ಬೂಟಿನ ಅಡಿಗೆ ಫೆಲ್ಟ್ (ಕಂಬಳಿಯಂಥ ದಪ್ಪ ಬಟ್ಟೆ) ಇದ್ದರೆ ಒಣಗಲು ಬಹಳ ಹೊತ್ತು ಬೇಕು. ಕೆಲವು ಕಡೆ ಅಂಥ ಬೂಟನ್ನೇ ನಿಷೇಧಿಸಿದ್ದಾರೆ. ಉಳಿದ ಎರೆ, ಕ್ರೇಫಿಶ್ ಏನಿದ್ದರೂ ನೀರಿಗೆ ಸುರಿಯಬೇಡಿ. ಲ್ಯೂರುಗಳನ್ನು ಒರೆಸಿ, ಡಬ್ಬಿಯ ಮುಚ್ಚಳ ತೆಗೆದಿಟ್ಟು ಒಂದು ರಾತ್ರಿ ಆರಲು ಬಿಡಿ, ಇಲ್ಲದಿದ್ದರೆ ಕೊಕ್ಕೆಗಳು ತುಕ್ಕು ಹಿಡಿಯುತ್ತವೆ. ರೀಲಿನ ಡ್ರ್ಯಾಗನ್ನೂ ಸಡಿಲ ಮಾಡಿ ಇಡಿ.